ಅವ್ವನ ಮರದ ಬುಡಕ್ಕೆ ಸಿಮೆಂಟು

ಮೇಷ್ಟ್ರ ಕೆಲಸದಲ್ಲಿ ಒಂದು ದೊಡ್ಡ ಅನುಕೂಲವಿದೆ. ಪಾಠ ಮಕ್ಕಳಿಗೆ ಅರ್ಥವಾಯಿತೇ ಎಂದು ಪರೀಕ್ಷೆ ಇಟ್ಟು ನೋಡುತ್ತಾರೆ. ಮೇಷ್ಟ್ರಿಗೆ ಅರ್ಥವಾಗಿತ್ತೇ ಎಂದು ಯಾರೂ ಕೇಳುವುದಿಲ್ಲ. ಈ ಅನುಕೂಲದ ನೆರಳಿನಲ್ಲಿ ನಾನು ಕೂನೂರಿನ ಒಂದು ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿ ಮೂವತ್ತು ವರ್ಷ ನೆಮ್ಮದಿಯಾಗಿ ಕಳೆದೆ. ಬೋರ್ಡಿನ ಮೇಲೆ ಬರೆಯುತ್ತಿದ್ದ ಒಂದು ಚಿತ್ರದಿಂದ ನನ್ನ ಹೆಸರು ಇವತ್ತಿಗೂ ಅಷ್ಟಿಷ್ಟು ಉಳಿದಿದೆ. ಬೆಟ್ಟ, ಮೋಡ, ಮಳೆ, ಮರ, ಮರದಿಂದ ಉದುರುವ ಎಲೆ, ಎಲೆ ಕೊಳೆತು ಮಣ್ಣು, ಮಣ್ಣಿನಿಂದ ಮತ್ತೆ ಮರ. ಒಂದರಿಂದ ಇನ್ನೊಂದಕ್ಕೆ ಬಣ್ಣದ ಸೀಮೆಸುಣ್ಣದ ಬಾಣ. ಎಲ್ಲ ಸುತ್ತಿ ಬಂದು ಶುರುವಾದಲ್ಲೇ ಸೇರಬೇಕು. ಒಂದೇ ಒಂದು ಬಾಣ ಬಿಟ್ಟರೂ ಸೊನ್ನೆ, ಜೊತೆಗೆ ಬೆಂಚಿನ ಮೇಲೆ ನಿಲ್ಲುವ ಯೋಗ. ಎಲೆಯಿಂದ ಮಣ್ಣಿಗೆ ಹೋಗುವ ಬಾಣವನ್ನು ಮರೆತು ಹಾಗೆ ನಿಂತವರಲ್ಲಿ ನಮ್ಮ ಹಟ್ಟಿಯ ಭೋಜನೂ ಒಬ್ಬ. ಈಗ ಅವನು ಗಾರೆ ಮೇಸ್ತ್ರಿ, ಇಬ್ಬರು ಮಕ್ಕಳ ತಂದೆ.

ನಮ್ಮ ಅವ್ವನಿಗೆ ಓದು ಬರುತ್ತಿರಲಿಲ್ಲ. ಆದರೆ ಅವಳ ಮನೆಯಿಂದ ಒಂದು ಹಿಡಿ ಕಸವೂ ಹೊರಗೆ ಹೋದದ್ದನ್ನು ನಾನು ಕಂಡಿಲ್ಲ. ಅಕ್ಕಿ ತೊಳೆದ ನೀರು, ಒಲೆಯ ಬೂದಿ, ಕುದಿಸಿ ಸೋಸಿದ ಟೀ ಚರಟ, ಆಲೂಗೆಡ್ಡೆ ಸಿಪ್ಪೆ, ಎಲ್ಲವೂ ಹಿತ್ತಲಿನ ಪೇರಿಕಾಯಿ ಮರದ ಬುಡಕ್ಕೆ. ಊಟಿ ನೋಡಲು ಬಂದವರು ರಸ್ತೆ ಬದಿಯಲ್ಲಿ ಕೊಂಡು ಕರಕ್ಕೆಂದು ಕಚ್ಚುತ್ತಾರಲ್ಲ, ಅದೇ ಹಸಿರು ಪೇರ್ಸ್ ಹಣ್ಣಿನ ಮರ, ಸೀಬೆಯಲ್ಲ. ಅಕ್ಕ ಹುಟ್ಟಿದ ವರ್ಷ ಅವ್ವ ನೆಟ್ಟದ್ದು. ನಮ್ಮ ಟೀ ತೋಟದಲ್ಲಿ ಗಿಡಗಳನ್ನು ಸವರಿದಾಗ ಊರಿನವರೆಲ್ಲ ಆ ಕಡ್ಡಿಗಳನ್ನು ಸೌದೆಗೆಂದು ಹೊತ್ತು ತಂದರೆ, ಅವ್ವ ಮಾತ್ರ, "ಗಿಡದ್ದು ಗಿಡಕ್ಕೇ ಇರ್ಲಿ, ಅದರ ಬಾಯಿಂದ ಕಿತ್ಕೊಂಡು ನಾವೇನು ಉದ್ಧಾರ ಆಗ್ಬೇಕಿಲ್ಲ" ಎಂದು ಅಲ್ಲೇ ಹರಡಿಸುತ್ತಿದ್ದಳು. ಒಮ್ಮೆ ಬೆಳಗ್ಗೆ ಹಿತ್ತಲಿಗೆ ಕಾಡೆಮ್ಮೆ ಬಂದು ನಿಂತಿತ್ತು. ನಾನು ಬಾಗಿಲು ಹಾಕಿಕೊಂಡು ಒಳಗಿನಿಂದ ಕೂಗಾಡುತ್ತಿದ್ದರೆ, ಅವ್ವ ಕಿಟಕಿಯಲ್ಲಿ ಇಣುಕಿ, "ಸುಮ್ನಿರೋ, ಸಗಣಿ ಹಾಕಿ ಹೋಗ್ಲಿ" ಅಂದಳು. ಅದು ಹಾಕಿಯೇ ಹೋಯಿತು. ಅವ್ವ ಬುಟ್ಟಿ ತೆಗೆದುಕೊಂಡು ಹೊರಟಳು.

ಮಂಜು ಕವಿದು ಎದುರಿನ ಬೆಟ್ಟ ಕಾಣದಾದಾಗ ಅವಳು ಹೇಳುತ್ತಿದ್ದ ಮಾತೊಂದಿತ್ತು. "ನೋಡು, ನಿನ್ನೆ ನಾನು ಚೆಲ್ಲಿದ ನೀರು ವಾಪಸ್ ಬಂತು." ನಾನು ಆಗ ತಾನೇ ಬಿ.ಎಸ್ಸಿ. ಮುಗಿಸಿದ್ದೆ. ಅದು ಅಷ್ಟು ಸುಲಭವಲ್ಲವೆಂದು ಆವಿಯಾಗುವಿಕೆ, ಸಾಂದ್ರೀಕರಣ ಎಂದೆಲ್ಲ ಅವಳಿಗೆ ಅರ್ಧ ಗಂಟೆ ವಿವರಿಸಿದೆ. ಅವ್ವ ಶ್ರದ್ಧೆಯಿಂದ ಕೇಳಿ, "ಅದೇ ಅಲ್ವಾ ನಾನೂ ಹೇಳಿದ್ದು?" ಎಂದು ಎದ್ದು ಹೋದಳು.

ಅವ್ವ ಹೋಗಿ ಆರು ತಿಂಗಳಿಗೆ ನಾನು ನಿವೃತ್ತನಾದೆ. ನಿವೃತ್ತನಾದವನ ಕೈಗೆ ಬಿಡುವು ಸಿಗಬಾರದು. ಮಳೆಗಾಲದ ಕೆಸರು, ಪಾಚಿ, ಜಾರಿಕೆ, ದಿನಾ ಗುಡಿಸಿದರೂ ಮುಗಿಯದ ಎಲೆ, ಇವೆಲ್ಲಕ್ಕೂ ಒಂದೇ ಮದ್ದೆಂದು ಇಡೀ ಹಿತ್ತಲಿಗೆ ಸಿಮೆಂಟು ಹಾಕಿಸಲು ಭೋಜನನ್ನು ಕರೆದೆ. ಅವನು ಪೇರಿಕಾಯಿ ಮರದ ಹತ್ತಿರ ಕರಣೆ ಹಿಡಿದು ನಿಂತುಬಿಟ್ಟ. "ಸಾರ್, ಮರದ ಸುತ್ತ ಸ್ವಲ್ಪ ಮಣ್ಣು ಬಿಡ್ಲಾ?" ಅಂದ. "ನನಗೇ ಪಾಠ ಹೇಳ್ತೀಯೇನಯ್ಯಾ? ಬುಡದವರೆಗೂ ಎಳಿ" ಅಂದೆ. ಅವನು ಎಳೆದ. ಹಿತ್ತಲು ಆಸ್ಪತ್ರೆಯ ವರಾಂಡದ ಹಾಗೆ ಮಿರಮಿರ ಮಿಂಚಿತು. ಮಳೆ ನೀರು ಒಂದು ಹನಿ ನಿಲ್ಲದೆ ಚರಂಡಿಗೆ ಓಡಿತು. ಉದುರಿದ ಎಲೆಗಳನ್ನು ನಾನೇ ಗುಡ್ಡೆ ಮಾಡಿ ಸುಟ್ಟೆ. ಆಹಾ, ಎಂಥ ಶುಭ್ರ!

ಮರುವರ್ಷ ಮರ ನಾಲ್ಕು ಹೂ ಬಿಟ್ಟಿತು, ಕಾಯಿ ಇಲ್ಲ. ಅದರ ಮುಂದಿನ ವರ್ಷ ಹೂವೂ ಇಲ್ಲ, ಎಲೆಯೂ ಅರ್ಧ ಬೋಳು. ನನಗೆ ಅಕ್ಕನ ಚಿಂತೆ ಹತ್ತಿತು. ಏಕೆಂದರೆ ಗೂಡಲೂರಿನಲ್ಲಿರುವ ಅಕ್ಕನಿಗೆ ಪ್ರತಿ ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಆ ಮರದ ಹಣ್ಣು ಒಂದು ಚೀಲ ಹೋಗಲೇಬೇಕು. ಅವ್ವ ಇದ್ದಾಗಿನಿಂದ ನಡೆದು ಬಂದದ್ದು; ಅವ್ವ ಹೋದ ಮೇಲೆ ಅಕ್ಕನಿಗೆ ತವರು ಅಂತ ಉಳಿದದ್ದೂ ಅದೊಂದೇ. ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಎರಡು ವರ್ಷವೂ ಕೂನೂರು ಮಾರ್ಕೆಟ್ಟಿನಲ್ಲಿ ಒಳ್ಳೊಳ್ಳೆಯ ಹಣ್ಣು ಆರಿಸಿ, ಅವ್ವನ ಹಳೆಯ ಚೀಲದಲ್ಲೇ ತುಂಬಿ, ಬಸ್ಸಿನಲ್ಲಿ ಕಳಿಸಿದೆ. ಮೊದಲ ವರ್ಷ ಹೇಗೋ ದಾಟಿತು. ಎರಡನೆಯ ವರ್ಷ ಹಣ್ಣು ತಲುಪಿದ ಮಾರನೆಯ ದಿನ ಅವಳೇ ಬಂದು ಬಾಗಿಲಲ್ಲಿ ನಿಂತಳು.

"ಒಂದ್ರಲ್ಲೂ ಹುಳ ಇಲ್ವಲ್ಲೋ ತಮ್ಮಾ. ಅವ್ವನ ಮರದ ಹಣ್ಣು ಹುಳ ಇಲ್ದೆ ಯಾವಾಗ ಬಂದಿತ್ತು?" ಅಂದವಳೇ ನೇರ ಹಿತ್ತಲಿಗೆ ನಡೆದಳು. ನಾನು ಹಿಂದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬೈಯಲಿಲ್ಲ. ಸಿಮೆಂಟಿನ ಮೇಲೆ ಕೂತು, ಮರದ ಬುಡದ ಮೇಲೆ ಕೈಯಿಟ್ಟು, "ಇದಕ್ಕೆ ಉಣ್ಣೋಕೆ ಏನು ಬಿಟ್ಟಿದ್ದೀಯೋ?" ಎಂದು ಅತ್ತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೂವತ್ತು ವರ್ಷ ನಾನು ಬರೆದ ಚಿತ್ರ ಆ ಕ್ಷಣ ಕಣ್ಣ ಮುಂದೆ ಬಂತು. ಎಲೆಯಿಂದ ಮಣ್ಣಿಗೆ ಹೋಗುವ ಬಾಣ ಅದರಲ್ಲಿ ಇರಲಿಲ್ಲ.

ಸಂಜೆಯೊಳಗೆ ಭೋಜ ಸುತ್ತಿಗೆ, ಉಳಿ ಹಿಡಿದು ಬಂದ. ತಾನೇ ಹಾಕಿದ್ದನ್ನು ತಾನೇ ಒಡೆಯುತ್ತಾ ಒಮ್ಮೆಯೂ ತಲೆ ಎತ್ತಿ ನನ್ನ ಮುಖ ನೋಡಲಿಲ್ಲ. ಒಳ್ಳೆಯ ಹುಡುಗ. ಕೊನೆಯ ಚಪ್ಪಡಿ ಎತ್ತಿದಾಗ ಮಾತ್ರ, ಬಿಳಿಚಿಕೊಂಡಿದ್ದ ಮಣ್ಣನ್ನು ನೋಡುತ್ತಾ, "ಸಾರ್, ಆ ಬಾಣ ನಾನು ಆಮೇಲೆ ಯಾವತ್ತೂ ಮರೀಲಿಲ್ಲ" ಅಂದ. ಅಕ್ಕ ಒಳಗಿನಿಂದ ಅಕ್ಕಿ ತೊಳೆದ ನೀರು ತಂದು ಸುರಿದಳು. ಒಣಗಿದ ಮಣ್ಣು ಗಟಗಟನೆ ಕುಡಿಯಿತು. ಅಂದಿನಿಂದ ಆ ಕೆಲಸ ನನ್ನ ಪಾಲಿಗೆ ಬಂತು. ಸುರಿದೆನೋ ಇಲ್ಲವೋ ಎಂದು ಅಕ್ಕ ದಿನಾ ಬೆಳಗ್ಗೆ ಫೋನಿನಲ್ಲಿ ವಿಚಾರಿಸುತ್ತಾಳೆ. ಎಲೆಗಳನ್ನು ಈಗ ಬಿದ್ದಲ್ಲೇ ಬಿಟ್ಟಿದ್ದೇನೆ. ಹಿತ್ತಲಿನಲ್ಲಿ ಎರಡು ಸಲ ಜಾರಿಯೂ ಬಿದ್ದಿದ್ದೇನೆ.

ಈ ವರ್ಷ ಮರ ಮೂರು ಹಣ್ಣು ಬಿಟ್ಟಿತು. ಮೂರನ್ನೂ ತಿರುಗಿಸಿ ನೋಡಿ, ತೂತಿದ್ದ ಒಂದನ್ನು ಹುಡುಕಿ ತೆಗೆದು ಭದ್ರವಾಗಿ ಕಟ್ಟಿ ಗೂಡಲೂರಿಗೆ ಕಳಿಸಿದೆ. ಮರುದಿನ ಫೋನು ಬಂತು. "ಹುಳ ಇತ್ತು ಕಣೋ" ಅಂದಳು ಅಕ್ಕ. ಇನ್ನೊಂದನ್ನು ಭೋಜನಿಗೆ ಕೊಟ್ಟೆ. ಉಳಿದದ್ದನ್ನು ಹಿತ್ತಲಲ್ಲೇ ನಿಂತು ತಿಂದು, ಬೀಜದ ದಿಂಡನ್ನು ಮರದ ಬುಡಕ್ಕೆ ಹಾಕಿದೆ. ಎದುರು ಬೆಟ್ಟದಿಂದ ಮಂಜು ಇಳಿಯುತ್ತಿತ್ತು. ನಿನ್ನೆ ನಾನು ಚೆಲ್ಲಿದ ನೀರು. ನ್ಯಾಯವಾಗಿ ನೋಡಿದರೆ ನನಗೆ ಸೊನ್ನೆ ಕೊಟ್ಟು ಬೆಂಚಿನ ಮೇಲೆ ನಿಲ್ಲಿಸಬೇಕಿತ್ತು. ಮಂಡಿ ನೋವು, ಬೆಂಚು ಹತ್ತಲಾಗುವುದಿಲ್ಲ. ಅದಕ್ಕೇ ದಿನಾ ಬೆಳಗ್ಗೆ ಪಾತ್ರೆ ಹಿಡಿದು ಮರದ ಬುಡದಲ್ಲೇ ನಿಲ್ಲುತ್ತೇನೆ.