ವಿಳಾಸ ನುಂಗಿದ ಉಂಡಿ

ಹಾನಗಲ್ಲಿನ ಮಾಲತೇಶ ಮಾಸ್ತರರು ಕಾಲೇಜಿನಲ್ಲಿ ಜೀವಕೋಶದ ಪಾಠ ಶುರುಮಾಡಿದರೆ ಆನೆಕೆರೆಯ ಮೀನುಗಳು ದಂಡೆಗೆ ಬಂದು, ಸಾಲಾಗಿ ಕೂತು ಕೇಳುತ್ತಿದ್ದವು. ಹಾಗಂತ ಹೇಳಿದವರು ಮಾಸ್ತರರೇ.

ಅಂದು ನಾಗರಪಂಚಮಿ. ಹಿರೇಕೆರೂರಿಗೆ ಕೊಟ್ಟ ತಂಗಿ ರಾಜಶ್ರೀಗೆ ಅವತ್ತೇ ತವರಿನ ಸಿಹಿ ಉಂಡಿ ಮುಟ್ಟಬೇಕು. ಮುಟ್ಟದಿದ್ದರೆ ಬೀಗರ ಮುಂದೆ ಅವ್ವ ಸುಶೀಲವ್ವನ ಮೂಗು ಉಳಿಯುವುದಿಲ್ಲ.

"ನೀನ ಒಯ್ದು ಕೊಟ್ಟು ಬಾ" ಎಂದಳು ಅವ್ವ.

ಹಬ್ಬದ ಬಸ್ಸಿನ ಗದ್ದಲ ನೆನೆದದ್ದೇ ತಡ, ಮಾಸ್ತರರಿಗೆ ವಿಜ್ಞಾನ ಉಕ್ಕಿತು. "ಯವ್ವಾ, ಮೈಯಾಗಿನ ಜೀವಕೋಶ ಲಕ್ಷಗಟ್ಟಲೆ ಪ್ರೋಟೀನು ಕಟ್ಟಿ ಕಳಸ್ತೈತಿ. ಯಾವ ಅಣ್ಣನೂ ಹೊತ್ಕೊಂಡ ಹೋಗಂಗಿಲ್ಲ. ಇವತ್ತ ನಮ್ಮ ಅಡಗಿಮನೀನ ಜೀವಕೋಶ."

ಅವ್ವ ದೇವರ ಕೋಣೆಯಲ್ಲಿ ಕೂತು ಕೋಶಕೇಂದ್ರವಾದಳು. ಉಂಡಿಯ ಅಳತೆ ಆಕೆಯ ಹತ್ತಿರವೇ ಇರಬೇಕು, ಹೊರಗೆ ಬರುವುದು ನಕಲು ಮಾತ್ರ. ನಕಲು ತರುವವಳು ಬಾಜೂಮನೆಯ ಅಂಕಿತಾ, ಮಾಸ್ತರರದೇ ವಿದ್ಯಾರ್ಥಿನಿ. ಅದನ್ನು ಕೇಳಿ ಉಂಡಿ ಕಟ್ಟುವ ರೈಬೋಸೋಮು ಎದುರುಮನೆಯ ಹಾಜರಾಬಿ.

"ಕೈ ಕಟ್ಟಿ ನಿಂತೀರಲ್ಲ, ನೀವೇನ್ರಿ ಮಾಸ್ತರ?" ಎಂದಳು ಹಾಜರಾಬಿ.

"ನಾನು ಗಾಲ್ಜಿ. ಓರಣ ಮಾಡಿ, ತುಂಬಿ, ಕಳಸಾಂವ. ಒಂದ ಮಾತು ನೆನಪಿರ್ಲಿ. ಪ್ರೋಟೀನಿನ ವಿಳಾಸ, ಅದನ್ನ ಕಟ್ಟುವಾಗನ, ಅದರ ಮೈಯಾಗ ಕೂಡಿರ್ತೈತಿ."

ಹಾಗೆಂದು ಪ್ರತಿಯೊಂದು ಉಂಡಿಯ ಹೊಟ್ಟೆಗೂ 'ರಾಜಶ್ರೀ, ಹಿರೇಕೆರೂರು' ಎಂಬ ಚೀಟಿ ತುರುಕಿಸಿದರು. ಡಬ್ಬಿಯ ಮೇಲೆ ಒಂದಕ್ಷರ ಬರೆಯಲಿಲ್ಲ.

"ರಾಜಶ್ರೀಗೆ ಫೋನಾರ ಹಚ್ರಿ" ಎಂದಳು ಹಾಜರಾಬಿ.

"ಜೀವಕೋಶಕ್ಕ ಫೋನ್ ಇರಂಗಿಲ್ಲರಿ."

ಬಸ್‌ಸ್ಟ್ಯಾಂಡಿನಲ್ಲಿ ಹಿರೇಕೆರೂರು ಬಸ್ಸಿನ ಕಂಡಕ್ಟರ್ ನಿಯಾಜ ಡಬ್ಬಿ ತಿರುವಿ ನೋಡಿದ. "ಯಾರಿಗ್ರಿ ಇದು? ಹೆಸರ ಇಲ್ಲಲ್ಲ."

"ಒಳಗೈತಿ, ಹೋಗಪಾ" ಎಂದು ಮಾಸ್ತರರು ಗಾಲ್ಜಿಯ ಗತ್ತಿನಲ್ಲಿ ಮನೆಗೆ ಬಂದು ಮಲಗಿದರು. ಅವರ ಗೊರಕೆಗೆ ಬಂಕಾಪುರದ ನವಿಲುಗಳು ಗುಡುಗೆಂದು ತಿಳಿದು ಗರಿ ಬಿಚ್ಚಿದವು.

ಸಂಜೆ ಬಾಗಿಲಲ್ಲಿ ಖಾಲಿ ಡಬ್ಬಿ ಹಿಡಿದು ನಿಂತಿದ್ದವನು ರಾಜಶ್ರೀಯ ಗಂಡ ರುದ್ರೇಶ. ಮುಖ ಕಾದ ಹಂಚಿನಂತಿತ್ತು.

"ಅತ್ತಿ, ಊರಿಗೆ ಹೋಗಾಕ ತಿಳವಳ್ಯಾಗ ಬಸ್ ಹತ್ತೇನಿ, ಬಸ್ಸಿನ ತುಂಬ ಮಂದಿ ಬಾಯಾಗಿಂದ ನನ್ನ ಹೇಂತಿ ಹೆಸರಿನ ಚೀಟಿ ತಗ್ಯಾಕತ್ತಾರ. 'ಯಾರಪಾ ಈ ರಾಜಶ್ರೀ' ಅಂತ ನನ್ನನ್ನ ಕೇಳ್ತಾರ. ಕಂಡಕ್ಟರ್ ಡಬ್ಬಿ ತಗದು ಹುಡುಕಿದ್ರ ಹೆಸರಿನ ಚೀಟಿ ಇಲ್ಲ, ಬರೇ ಉಂಡಿ. ಹಬ್ಬದ ಹಂಚಿಕಿ ಅಂತ ಎಲ್ಲಾರಿಗೂ ಹಂಚ್ಯಾನ. ಖಾಲಿ ಡಬ್ಬಿ ಇಸ್ಕೊಂಡ ಹೊಳ್ಳಿ ಬಂದೇನಿ."

ಸುಶೀಲವ್ವ ಮಗನ ಕಡೆ ನೋಡಿದಳು. ಮಗ ಜಂತಿ ಎಣಿಸುತ್ತಿದ್ದ.

ಅಂಕಿತಾ ಪುಸ್ತಕ ತೆರೆದಿದ್ದಳು. "ಸರ್, ಪ್ರೋಟೀನ್ ಒಯ್ಯೋ ಚೀಲದ ಹೊರಗೂ ಗುರುತು ಇರ್ತೈತಿ ಅಂತ ಮುಂದಿನ ಪುಟದಾಗ ಐತಲ್ರಿ. ಹೆಂಗ ಮರತ್ರಿ?"

ಅವ್ವ ಮನೆಗೆಂದು ಉಳಿಸಿದ್ದ ಉಂಡಿ ತುಂಬಿ, ಎರಡನೆಯ ಡಬ್ಬಿಯನ್ನು ಮಗನ ತಲೆಯ ಮೇಲೇ ಇಟ್ಟಳು. ಹೊರಗೆ ಹಿರೇಕೆರೂರಿನ ಕಡೇ ಬಸ್ಸು ಹಾರ್ನು ಹಾಕುತ್ತಿತ್ತು.

"ಮರತಿಲ್ಲವ್ವಾ ಅಂಕಿತಾ" ಎಂದರು ಮಾಸ್ತರರು, ಡಬ್ಬಿಯ ಕೆಳಗಿಂದ. "ಆ ಪುಟ ನಾ ತಿರುವಿ ನೋಡೇ ಇಲ್ಲ. ಅದಕ್ಕ ಪ್ರತಿ ವರ್ಷ ಆ ಪಾಠ 'ಮನ್ಯಾಗ ಓದ್ಕೋರಿ' ಅಂತ ಬಿಡ್ತೇನಿ."

"ಹಂಗಾರ ಕೆರಿ ಮೀನ?" ಎಂದಳು ಹಾಜರಾಬಿ.

"ಅವೂ ಬಂದಿದ್ದಿಲ್ಲರಿ."