ಎಸಿ ಹಾಲಿಗೆ ಸಲ್ಲದ ಹುಂಜ

ದೇವರ ಮೇಲೆ ನನಗೆ ಯಾವ ದೂರೂ ಇಲ್ಲ. ನನ್ನ ಜಗಳವೆಲ್ಲ ಮೆತ್ತನೆಯ ಕುರ್ಚಿಗಳ ಜೊತೆ. ಚಳ್ಳಕೆರೆಯ ನಮ್ಮ ಹಳೆಯ ಹೆಂಚಿನ ಚರ್ಚಿನಲ್ಲಿ, ಮರದ ಬೆಂಚಿನ ಮೇಲೆ ಅವ್ವನ ಪಕ್ಕ ಕೂತೇ ನಾನು ಇಷ್ಟುದ್ದ ಬೆಳೆದವನು. ಹೆದ್ದಾರಿ ಪಕ್ಕ ಹೊಸ ಪ್ರಾರ್ಥನಾ ಹಾಲ್ ಎದ್ದದ್ದೇ ತಡ, ಅವ್ವ ಅತ್ತ ನಡೆದುಬಿಟ್ಟಳು. "ಅಲ್ಲಿ ಎಸಿ ಐತೆ, ಕುರ್ಚಿ ಮೆತ್ತಗೈತೆ ಕಣಪ್ಪಾ, ಮಂಡಿ ನೋವೇ ಗೊತ್ತಾಗಲ್ಲ" ಎಂದಳು. ಮಂಡಿಯ ಮುಂದೆ ನನ್ನ ವಾದ ನಡೆಯಲಿಲ್ಲ. ಪಕ್ಕದ ಜಾಗ ಖಾಲಿ ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಹೇಗಾದರೂ ಅವಳನ್ನು ವಾಪಸ್ ಕರೆತರಬೇಕೆಂದು ಹಟ ಹಿಡಿದೆ.

ಹಾಲ್ ಸಾಮಾನ್ಯದ್ದಲ್ಲ, ಮೊಳಕಾಲ್ಮೂರಿನಿಂದಲೂ ಜನ ಬಸ್ಸು ಹತ್ತಿ ಬರುತ್ತಾರೆ. ಬಾಗಿಲಲ್ಲೇ ಕಾಫಿ ಕೌಂಟರು, ಬೈಬಲ್ ವಾಕ್ಯ ಅಚ್ಚು ಹಾಕಿದ ಟೀ ಶರ್ಟುಗಳ ಮಾರಾಟ, ಸೆಲ್ಫಿಗೆಂದೇ ದೀಪ ಸುತ್ತಿದ ಶಿಲುಬೆ. ಒಮ್ಮೆ ಅವ್ವನನ್ನು ಬಿಡಲು ಹೋಗಿ ನಾನೂ ಒಳಗೆ ಕೂತಿದ್ದೆ. "ಕಾರು ಸಿಗುವಂಥ ಆಶೀರ್ವಾದ ಬೇಕಾದವರು ಕೈ ಎತ್ತಿ" ಎಂದರು ಪಾಸ್ಟರು. ಸುಳ್ಳೇಕೆ ಹೇಳಲಿ, ಎರಡೂ ಕೈ ಎತ್ತಿದೆ. ಆದರೆ ಅಷ್ಟು ಜನರಲ್ಲಿ ಅವ್ವನ ಹೆಸರು ಕೇಳಿದವರು ಒಬ್ಬರೂ ಇರಲಿಲ್ಲ.

ಅಷ್ಟರಲ್ಲಿ ಸುಗ್ಗಿ ಹಬ್ಬ ಬಂತು. ಶೇಂಗಾ, ಕುಂಬಳಕಾಯಿ, ಕೋಳಿ, ಮನೆಯಲ್ಲಿ ಬೆಳೆದದ್ದನ್ನು ದೇವರಿಗೆ ಒಪ್ಪಿಸಿ, ಆಮೇಲೆ ಚರ್ಚಿನ ಅಂಗಳದಲ್ಲೇ ಹರಾಜು ಹಾಕುವುದು ನಮ್ಮವರ ಪದ್ಧತಿ. ಅವ್ವ ತಾನು ಸಾಕಿದ ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ನನ್ನ ಬೈಕು ಹತ್ತಿ ಹಾಲಿಗೆ ಹೊರಟಳು. ಬಾಗಿಲಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡ ಸ್ವಯಂಸೇವಕ ತಡೆದ.

"ಅಜ್ಜೀ, ಕೋಳಿ ಒಳಗ್ ಬಿಡಂಗಿಲ್ರಿ, ಕಾರ್ಪೆಟ್ ಐತೆ. ಕಾಣಿಕೆ ಆದ್ರೆ ಇಲ್ಲಿ ಸ್ಕ್ಯಾನ್ ಮಾಡ್ರಿ."

ಅವ್ವ ಆ ಕ್ಯೂಆರ್ ಹಾಳೆ ನೋಡಿದಳು, ಹುಂಜದ ಮುಖ ನೋಡಿದಳು. "ದೇವ್ರಿಗೆ ಅಂತ ಸಾಕೀನಪ್ಪಾ. ಇದನ್ನ ಹೊರಗ್ ಬಿಟ್ಟು ನಾನೊಬ್ಳೇ ಒಳಗ್ ಹೋಗಿ ಏನ್ ಮಾಡ್ಲಿ?" ಎಂದವಳೇ ನನ್ನತ್ತ ತಿರುಗಿ, "ಗಾಡಿ ತಿರುಗ್ಸೋ" ಎಂದಳು.

ತಿರುಗಿಸಿದೆ ನೋಡಿ! ಯುದ್ಧ ಗೆದ್ದವನ ಹಾಗೆ ಊರ ತುಂಬ ಹಾರ್ನ್ ಹೊಡೆಯುತ್ತ ನಮ್ಮ ಹಳೆಯ ಚರ್ಚಿಗೆ ಬಂದೆ. ನಮ್ಮ ಪಾದ್ರಿಗಳು ಎರಡೂ ಕೈಯಲ್ಲಿ ಹುಂಜ ಈಸಿಕೊಂಡು, "ಬಂದ್ರೇನಮ್ಮಾ, ಮಂಡಿ ಹೆಂಗೈತೆ?" ಎಂದರು. ಅವ್ವನ ಕಣ್ಣು ತುಂಬಿತು. ನನ್ನದೂ.

ಆ ಉಬ್ಬಿನಲ್ಲಿ ಹರಾಜಿನಲ್ಲೂ ನಾನೇ ಏರಿಸಿ ಏರಿಸಿ ಕೂಗಿ, ನಮ್ಮ ಮನೆಯ ಹುಂಜವನ್ನು ನಾನೇ ಕೊಂಡೆ. ಅದನ್ನು ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡು, 'ನಿಜವಾದ ಭಕ್ತಿ' ಎಂದು ಬರೆದು ಸ್ಟೇಟಸ್ಸಿಗೂ ಹಾಕಿದೆ. ಪಾದ್ರಿಗಳು ಕಡೆಯ ಪ್ರಾರ್ಥನೆ ಮಾಡುತ್ತಿದ್ದಾಗ ನನ್ನ ಕಣ್ಣು ಫೋನಿನಲ್ಲಿತ್ತು. ಅವ್ವ ಕಣ್ಣು ಮುಚ್ಚಿಕೊಂಡೇ ಪಿಸುಗುಟ್ಟಿದಳು:

"ಎಷ್ಟ್ ಜನ ನೋಡಿದ್ರು ಅಂತ ಆಮೇಲೆ ನೋಡ್ಕೊಳ್ಳುವಂತೆ. ಈಗ ಆಮೆನ್ ಅನ್ನು."