ಒಂದು ತಂತಿ, ನಾಲ್ಕು ಊರು

ಒಂದೇ ತಂತಿಗೆ ನಾಲ್ಕು ಜನರನ್ನು ಕಟ್ಟಿದ ಮೇಲೆ ಮುಂದೆ ಹೇಳುವಂಥ ಫಜೀತಿಗಳು ಆಗದೆ ಇನ್ನೇನಾಗುತ್ತದೆ? ಈಗ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿನ ಮೇಲೆ ಒಂದೇ ತಂತಿಗೆ ಹತ್ತಾರು ಚಿಪ್ ಜೋಡಿಸಿ, ಒಂದೊಂದಕ್ಕೂ ವಿಳಾಸ ಕೊಟ್ಟು, ಸರದಿಯಂತೆ ಮಾತಾಡಿಸುತ್ತಾರಂತೆ. ಎಪ್ಪತ್ತರ ದಶಕದಲ್ಲಿ ನಮ್ಮ ವಿದ್ಯುತ್ ಸ್ಟೇಷನ್ನುಗಳ ಫೋನಿನಲ್ಲಿ ಆ ಕೆಲಸ ನಾವು ನಾಲ್ವರು ಆಪರೇಟರುಗಳೇ ಮಾಡುತ್ತಿದ್ದೆವು. ಚನ್ನಗಿರಿಯ ನನಗೆ ಒಂದು ರಿಂಗು, ಹೊನ್ನಾಳಿಗೆ ಎರಡು, ನ್ಯಾಮತಿಗೆ ಮೂರು, ಜಗಳೂರಿಗೆ ನಾಲ್ಕು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಕಡಿಮೆ ರಿಂಗಿನವರು ಮೊದಲು. ಕೇಳಿಸಿಕೊಂಡವರು 'ಸಿಕ್ತು' ಅನ್ನಬೇಕು. ಅನ್ನದಿದ್ದರೆ ಹೇಳಿದವರು ಮತ್ತೆ ಹೇಳಬೇಕು.

೧. ತಡೀರಿ

ಫೋನಿನಲ್ಲಿ ಹೇಳಿದ್ದನ್ನು ಬರೆದುಕೊಳ್ಳುವುದರಲ್ಲಿ ಹೊನ್ನಾಳಿಯವರು ಬಲು ನಿಧಾನ. ಅವರು 'ತಡೀರಿ' ಅಂದರೆ ಇಡೀ ಲೈನು ಕಾಯಬೇಕು. ಒಮ್ಮೆ ಹಾಗೆಂದವರ ಸದ್ದೇ ಇಲ್ಲ. ನಾವು ಮೂವರೂ ರಿಸೀವರ್ ಕಿವಿಗೆ ಒತ್ತಿಕೊಂಡು ಕೂತೆವು. ಬಹಳ ಹೊತ್ತಿನ ಮೇಲೆ ಬಂದರು.

"ಎಲ್ಲಿಗೆ ಹೋಗಿದ್ರಿ?"

"ಕಟಿಂಗ್ ಮಾಡ್ಸಾಕೆ. ತಡೀರಿ ಅಂದಿದ್ನಲ್ರೀ."

೨. ಹೊಗೆ

ಜಗಳೂರಿನವರು ನಿಯಮ ಮೀರಿದವರಲ್ಲ. ಒಂದು ಬೆಳಿಗ್ಗೆ ಅವರು ಬಾಯಿ ತೆರೆದಾಗಲೆಲ್ಲ ನಮ್ಮಲ್ಲಿ ಯಾರಾದರೊಬ್ಬರು ಅಡ್ಡ ಬರುತ್ತಿದ್ದರು, ಅವರು ಸರದಿ ಬಿಟ್ಟುಕೊಡುತ್ತಿದ್ದರು. ಕೊನೆಗೆ ನಾನೇ ಕೇಳಿದೆ, "ಏನೋ ಹೇಳೋದಿತ್ತಲ್ರೀ?"

"ಟ್ರಾನ್ಸ್‌ಫಾರ್ಮರ್‌ನಾಗೆ ಹೊಗೆ ಬರ್ತಿತ್ತು ರೀ. ಈಗ ನಿಂತೈತೆ."

"ಸದ್ಯ ನಿಂತಿತಲ್ಲ."

"ಹೂಂ ರೀ. ಸುಡಾಕೆ ಇನ್ನೇನೂ ಉಳಿದಿಲ್ಲ."

೩. ಒಪ್ಪಿಗೆ

ಇದೇ ಜಗಳೂರಿನವರು ನ್ಯಾಮತಿಯವರ ತಂಗಿಯನ್ನು ನೋಡಿ ಬಂದಿದ್ದರು. ಹುಡುಗಿ ತುಂಬಾ ಮನಸ್ಸಿಗೆ ಬಂದಿದ್ದಳು. ಹೇಳೋಣವೆಂದರೆ ಅವರಿಗೆ ಲೈನು ಸಿಗಬೇಕಲ್ಲ.

ಒಂದು ಮಧ್ಯಾಹ್ನ ನ್ಯಾಮತಿಯವರೇ ನಾಲ್ಕು ರಿಂಗು ಕೊಟ್ಟರು. "ಇನ್ನೊಂದು ಸಂಬಂಧದೋರು ಸಂಜೆ ಮಾತು ಮುಗ್ಸಾಕೆ ಬರ್ತಾರೆ. ನಿಮ್ದು ಏನಂತ ಈಗ್ಲೇ ಹೇಳ್ರಿ."

ಅಷ್ಟರಲ್ಲಿ, ಆಗಷ್ಟೇ ರಿಸೀವರ್ ಎತ್ತಿದ, ಏನೂ ಗೊತ್ತಿಲ್ಲದ ನಾನು ನಮ್ಮ ಸ್ಟೇಷನ್ನಿನ ಲೋಡ್ ರೀಡಿಂಗ್, ಅಂದರೆ ಕರೆಂಟಿನ ಲೆಕ್ಕ, ಹೇಳಲು ಶುರುಮಾಡಿದೆ. ಜಗಳೂರಿನವರು ನಿಯಮದಂತೆ ಬಾಯಿ ಮುಚ್ಚಿದರು. ನನ್ನದು ಮುಗಿದ ಮೇಲೆ ಮೂರು ರಿಂಗು ಕೊಟ್ಟರು. ಆಚೆ ಯಾರೋ ಎತ್ತಿದರು.

"ನನಗೆ ಒಪ್ಪಿಗೆ ಐತೆ ರೀ."

'ಸಿಕ್ತು' ಬರಲಿಲ್ಲ. ನಿಯಮ ನಿಯಮವೇ. ಮತ್ತೆ ಹೇಳಿದರು, "ಪೂರ್ತಿ ಒಪ್ಪಿಗೆ ಐತೆ ರೀ."

ಆಗಲೂ ಇಲ್ಲ. ನಾನೂ ಹೊನ್ನಾಳಿಯವರೂ ರಿಸೀವರ್ ಇಡದೆ ಕೇಳುತ್ತಿದ್ದೆವು. ಪಾಪ, ಮೂರನೇ ಸಲವೂ ಹೇಳಿದರು. "ನಿಮ್ಮ ತಂಗೀನ ಬಿಟ್ಟು ಬೇರೆ ಯಾರನ್ನೂ ನಾನು ಮದುವೆ ಆಗಂಗಿಲ್ಲ ರೀ."

ಆಮೇಲೆ ಒಂದು ಹೆಣ್ಣು ದನಿ ಬಂತು. "ಅಣ್ಣಂಗೆ ಬುತ್ತಿ ತಂದಿದ್ದೆ. ಕೈ ತೊಳ್ಯಾಕೆ ಹೋಗ್ಯಾನೆ." ಆಕೆಯೇ ಮುಂದುವರಿಸಿದಳು, "ಮೂರು ಸಲಾನೂ ಸಿಕ್ತು. ಸಂಜೆ ಬರೋರಿಗೆ ಬ್ಯಾಡ ಅನ್ನು ಅಂತ ಅಣ್ಣಂಗೆ ಹೇಳ್ಬೇಕು, ಲೈನ್ ಬಿಡ್ರಿ."